4294967297ನ್ನು ಕೈಲೆಕ್ಕದಲ್ಲಿ ಒಡೆದ ಬಗೆ

2ರ 32ನೇ ಘಾತಕ್ಕೆ 1 ಕೂಡಿಸಿದರೆ 4294967297 ಬರುತ್ತದೆ. 2ರ 1, 2, 4, 8, 16ನೇ ಘಾತಗಳಿಗೆ ಹೀಗೆಯೇ 1 ಕೂಡಿಸಿದಾಗ ಸಿಗುವ 3, 5, 17, 257, 65537 ಅವಿಭಾಜ್ಯ ಸಂಖ್ಯೆಗಳಾಗಿದ್ದು, ಈ ಸಾಲಿನ ಮುಂದಿನವೂ ಅವಿಭಾಜ್ಯಗಳೇ ಎಂದು 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಆಯ್ಲರ್ ಅದು ತಪ್ಪೆಂದು ತೋರಿಸಿದರು. ನನಗೆ ಇಷ್ಟು ತಿಳಿದಿತ್ತು. ಅಪವರ್ತನಗಳು ಯಾವುವೆಂದು ನೋಡದೆ, ಕಾಗದ ಮತ್ತು ಪೆನ್ಸಿಲಿನಲ್ಲೇ ಅವನ್ನು ಹುಡುಕಬೇಕೆಂದು ಹಟ ಹಿಡಿದೆ.

ಈ ಸಂಖ್ಯೆಯ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಷ್ಟರೊಳಗೆ 6542 ಅವಿಭಾಜ್ಯಗಳಿವೆ. ಒಂದೊಂದರಿಂದಲೂ ಭಾಗಿಸುತ್ತ ಹೋಗುವುದು ಆಗುವ ಕೆಲಸವಲ್ಲ. ಆದರೆ p ಎಂಬ ಅವಿಭಾಜ್ಯ ಇದನ್ನು ಭಾಗಿಸುವುದಾದರೆ, 2ರ 32ನೇ ಘಾತವನ್ನು pಯಿಂದ ಭಾಗಿಸಿದಾಗ ಉಳಿಯುವುದು ಋಣ 1ಕ್ಕೆ ಸಮ. ಹಾಗಾಗಿ 2ರ ಘಾತಗಳಲ್ಲಿ ಶೇಷ 1 ಮೊದಲ ಬಾರಿಗೆ ಕಾಣಿಸುವುದು 64ನೆಯದರಲ್ಲಿ, ಮತ್ತು ಫರ್ಮಾ ಅವರದೇ ಕಿರು ಪ್ರಮೇಯದ ಪ್ರಕಾರ 2ರ p−1ನೇ ಘಾತದಲ್ಲೂ ಶೇಷ 1 ಬರುವುದರಿಂದ p−1 ಎಂಬುದು 64ರ ಗುಣಕವಾಗಲೇಬೇಕು. ಅವರ ಊಹೆಯನ್ನು ಕೆಡವಲು ಅವರ ಪ್ರಮೇಯವೇ ಒದಗಿಬಂತು. 64ರ ಗುಣಕಕ್ಕೆ 1 ಕೂಡಿಸಿ ಸಿಗುವ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641.

ಹತ್ತಂಕಿಯ ಸಂಖ್ಯೆಯನ್ನು ನೇರವಾಗಿ ಭಾಗಿಸುವ ಬದಲು, 65536ನ್ನು ಭಾಗಿಸಿ ಬಂದ ಶೇಷವನ್ನು ವರ್ಗ ಮಾಡಿ, ಮತ್ತೆ ಭಾಗಿಸಿ, ಕೊನೆಗೆ 1 ಕೂಡಿಸಿದೆ. ಹೀಗೆ 1 ಕೂಡಿಸಿದ ಮೇಲೆ 193ಕ್ಕೆ ಶೇಷ 109, 257ಕ್ಕೆ 2, 449ಕ್ಕೆ 325, 577ಕ್ಕೆ 288. 641ರಲ್ಲಿ 65536ರ ಶೇಷ 154, ಅದರ ವರ್ಗ 23716. ಇಲ್ಲಿ ನಾನು 641ರ ಏಳರಷ್ಟನ್ನು 4487 ಎಂದು ಬರೆಯುವ ಬದಲು 4447 ಎಂದು ಬರೆದೆ. ಅದರಿಂದಾಗಿ 641ರ 37ರಷ್ಟು 23677 ಆಯಿತು, ಶೇಷ 39 ಉಳಿಯಿತು. 641ನ್ನು ಹೊಡೆದುಹಾಕಿ 769ರ ಕಡೆಗೆ ಹೋದೆ; ಅಲ್ಲಿಂದಾಚೆಗೆ ಎಷ್ಟು ಹೋದರೂ ಏನೂ ಸಿಗುವಂತಿರಲಿಲ್ಲ.

ಮರುದಿನ ಹಿಂದಿನ ಗುಣಾಕಾರಗಳನ್ನೆಲ್ಲ ಅಂಕಿಗಳ ಮೊತ್ತದಿಂದ ತಾಳೆ ನೋಡಿದಾಗ ತಪ್ಪು ಸಿಕ್ಕಿತು. 641ರ ಅಂಕಿಗಳನ್ನು ಕೂಡಿಸುತ್ತ ಹೋದರೆ 2, 37ರದ್ದು 1; ಗುಣಲಬ್ಧದ್ದು 2 ಬರಬೇಕು, 23677ರದ್ದು 7 ಬಂದಿತ್ತು. ಸರಿಯಾದ ಗುಣಲಬ್ಧ 23717. ಅದು 23716ಕ್ಕಿಂತ ಸರಿಯಾಗಿ ಒಂದು ಹೆಚ್ಚು, ಎಂದರೆ ಶೇಷ ಋಣ 1. ಅದಕ್ಕೆ 1 ಕೂಡಿಸಿದರೆ ಸೊನ್ನೆ. ಆ ಸೊನ್ನೆಯನ್ನು ನಂಬಲಾಗದೆ ಪೂರ್ತಿ ಭಾಗಾಕಾರವನ್ನೂ ಮಾಡಿದೆ. ಭಾಗಲಬ್ಧ 6700417, ಶೇಷ ಏನೂ ಉಳಿಯಲಿಲ್ಲ.

641 ಎಂದರೆ 5ರ 128ರಷ್ಟಕ್ಕೆ 1 ಕೂಡಿಸಿದ್ದು, 625 ಮತ್ತು 16ರ ಮೊತ್ತವೂ ಹೌದು. ಇವೆರಡನ್ನು ಸೇರಿಸಿ ಮೂರು ಸಾಲಿನಲ್ಲಿ ಸಾಧನೆ ಬರೆಯಬಹುದು. ಸೊಗಸಾದ ಸಾಧನೆಯೇ ಸರಿ, ಆದರೆ 641 ಮೊದಲೇ ಕೈಯಲ್ಲಿದ್ದವರಿಗೆ ಮಾತ್ರ ಅದು ಹೊಳೆದೀತು.

6700417 ಅವಿಭಾಜ್ಯವೇ ಎಂಬುದು ಉಳಿದಿತ್ತು. ಇದರ ವರ್ಗಮೂಲ 2588ರ ಆಸುಪಾಸು. ಇಲ್ಲಿ 19ನೇ ಶತಮಾನದಲ್ಲಿ ಲ್ಯೂಕಾ ಬಿಗಿಗೊಳಿಸಿದ ನಿಯಮವನ್ನು ಬಳಸಿದೆ: 64ರ ಬದಲು 128ರ ಗುಣಕಕ್ಕೆ 1 ಕೂಡಿಸಿದ ಅವಿಭಾಜ್ಯಗಳನ್ನು ನೋಡಿದರೆ ಸಾಕು. ಅವು 257, 641, 769, 1153, 1409, ಐದೇ ಐದು. ಶೇಷಗಳು ಕ್ರಮವಾಗಿ 170, 44, 120, 334, 622 ಬಂದವು. ಈ ಸಲ ಪ್ರತಿ ಗುಣಾಕಾರವನ್ನೂ ಆಗಿಂದಾಗಲೇ ತಾಳೆ ನೋಡಿದ್ದೆ.