ಫಾರ್ವರ್ಡ್ ಮಾಡುವ ಮೊದಲು

ತಮಾಷೆಯ ವಿಡಿಯೋ ಸಿಕ್ಕಿದ ಕೂಡಲೇ ಕಳಿಸಬೇಡಿ. ಮೊದಲು ತಾರೀಕು ನೋಡಿ. ಕಾಸರಗೋಡಿನ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ ತೀರಿಕೊಂಡದ್ದು 2022ರ ಅಕ್ಟೋಬರ್‌ನಲ್ಲಿ. ಆಮೇಲೂ ಅದರ ಹಳೇ ಫೋಟೋವನ್ನು ‘ಇವತ್ತು ಬೆಳಿಗ್ಗೆ ತೆಗೆದದ್ದು’ ಅಂತ ನಮ್ಮ ಕುಂಬಳೆಯ ಮನೆ ಗ್ರೂಪಿಗೆ ಹಾಕಿ ಚಿಕ್ಕಮ್ಮನಿಂದ ಬೈಸಿಕೊಂಡವಳು ನಾನೇ. ಈಗ ಸಂಶಯ ಬಂದರೆ ಗೂಗಲ್ ಲೆನ್ಸ್‌ನಲ್ಲಿ ಹುಡುಕುತ್ತೇನೆ. ಅದೇ ಚಿತ್ರ ಬೇರೆ ಎಲ್ಲೆಲ್ಲಿ ಬಂದಿದೆ ಅಂತ ತೋರಿಸುತ್ತದೆ. ವಾಟ್ಸಾಪಿನಲ್ಲಿ ಜೋಡಿ ಬಾಣದ ಗುರುತು ಇದ್ದರೆ ಅದು ಊರೆಲ್ಲ ಸುತ್ತಿ ಬಂದದ್ದು, ಬಿಟ್ಟುಬಿಡಿ.

ಬರೀ ಲಿಂಕ್ ಹಾಕಬೇಡಿ, ಜೊತೆಗೊಂದು ಸಾಲು ಬರೆಯಿರಿ: ‘ಕೊನೆಯ ಹತ್ತು ಸೆಕೆಂಡ್ ನೋಡಿ, ಬೆಕ್ಕು ಹಲಸಿನ ಹಣ್ಣಿಗೆ ಹೆದರುತ್ತದೆ.’ ಮಲಯಾಳಂ ಜೋಕಾದರೆ ಬೆಂಗಳೂರಿನ ಅಣ್ಣನ ಮಕ್ಕಳಿಗೆ ಅರ್ಥ ಹೇಳಬೇಕು. ಹೇಳಿದ ಮೇಲೆ ನಗು ಬರುವುದಿಲ್ಲ, ಅದು ಬೇರೆ ವಿಷಯ. ದಿನಕ್ಕೆ ಎರಡು ಸಾಕು. ರಾತ್ರಿ ಹತ್ತರ ನಂತರ ಸುಮ್ನೆ ಇರಿ, ಚಿಕ್ಕಪ್ಪ ಮಲಗಿರುತ್ತಾರೆ.