ಕಟಿಂಗ್ ಮಷಿನ್‌ನಲ್ಲಿ ಕನ್ನಡ ಅಕ್ಷರ: ನನ್ನ ಅನುಭವ

ಕೊಪ್ಪಳದ ನಮ್ಮ ಮನೆಗೆ ಕ್ರಿಕಟ್ ಎಕ್ಸ್‌ಪ್ಲೋರ್ ಅನ್ನೋ ಕಟಿಂಗ್ ಮಷಿನ್ ಬಂದದ್ದೇ ಕನ್ನಡ ಅಕ್ಷರಕ್ಕಾಗಿ. ಕುಬಸ, ತೊಟ್ಟಿಲು, ಹುಟ್ಟುಹಬ್ಬ ಯಾವುದಿರಲಿ, ಅಂಗಡಿಯಲ್ಲಿ ನನ್ನ ಕೈಗೆ ಸಿಗುತ್ತಿದ್ದದ್ದು ಇಂಗ್ಲಿಷ್ ಬ್ಯಾನರೇ. ಮಗುವಿನ ಹೆಸರು ಗೋಡೆ ಮೇಲೆ ಕನ್ನಡದಲ್ಲೇ ಇರಬೇಕು ಅನ್ನೋದು ನನ್ನ ಹಟ.

ನೋಡೋಕೆ ಇದು ಪ್ರಿಂಟರ್ ಥರಾನೇ. ಶಾಯಿ ಇರೋ ಕಡೆ ಸಣ್ಣ ಬ್ಲೇಡ್ ಇರುತ್ತೆ, ಅಷ್ಟೇ. 12 ಇಂಚು ಅಗಲದ ಅಂಟು ಮ್ಯಾಟ್ ಮೇಲೆ ಕಾಗದ ಕೂರಿಸಿ ಒಳಗೆ ಕೊಟ್ಟರೆ, ಡಿಸೈನ್ ಸ್ಪೇಸ್ ಆಪ್‌ನಲ್ಲಿರುವ ಗೆರೆಯನ್ನೇ ಹಿಡಿದು ಬ್ಲೇಡ್ ಓಡುತ್ತದೆ. ತೆಳು ಕಾಗದಕ್ಕೆ ನೀಲಿ ಮ್ಯಾಟ್, ಕಾರ್ಡ್‌ಸ್ಟಾಕ್ ಅನ್ನೋ ದಪ್ಪ ಕಾಗದಕ್ಕೆ ಹಸಿರು. ನಮ್ಮ ಕಡೆ ಬೇಸಿಗೆಯ ಧೂಳು ಗೊತ್ತಲ್ವಾ? ಅಂಟಿಗೆ ಅದೇ ಶತ್ರು. ಕೆಲಸ ಮುಗಿದ ಕೂಡಲೇ ಮ್ಯಾಟ್ ಮೇಲಿನ ಪ್ಲಾಸ್ಟಿಕ್ ಹಾಳೆ ಮುಚ್ಚಿಬಿಡಿ.

ಕತ್ತರಿಸಿದ ಮೇಲೆ ಕಾಗದವನ್ನು ಎಳೆದು ತೆಗೆಯಬೇಡಿ, ಸುರುಳಿ ಸುತ್ತಿಕೊಳ್ಳುತ್ತದೆ. ಮ್ಯಾಟನ್ನು ಬೋರಲು ಹಾಕಿ, ಮ್ಯಾಟನ್ನೇ ಬಗ್ಗಿಸುತ್ತಾ ಬಿಡಿಸಿ. ಕಾಗದ ನೆಟ್ಟಗೆ ಉಳಿಯುತ್ತದೆ. ಹೊಸ ಕಾಗದ ತಂದಾಗಲೆಲ್ಲ ಮೂಲೆಯಲ್ಲಿ ಒಂದು ಪುಟ್ಟ ಚೌಕ ಕತ್ತರಿಸಿ ನೋಡುತ್ತೇನೆ. ಸಲೀಸಾಗಿ ಎದ್ದು ಬಂದರೆ ಮುಂದಿನ ಕೆಲಸ.

ನಿಜವಾದ ಕಸರತ್ತು ಇರೋದು ಅಕ್ಷರದಲ್ಲಿ. ‘ಕೊಪ್ಪಳ’ ಅಂತ ಬರೆದು ನೋಡಿ. ಪಕಾರದ ಒತ್ತು ಎಷ್ಟೋ ಫಾಂಟ್‌ಗಳಲ್ಲಿ ಅಕ್ಷರಕ್ಕೆ ತಾಗದೆ ಕೆಳಗೆ ಬೇರೆಯಾಗಿ ಕೂತಿರುತ್ತದೆ. ‘ಗಂಗಾವತಿ’ಯ ಸೊನ್ನೆಯೂ ಹಾಗೇ. ಪರದೆ ಮೇಲೆ ಚೆಂದ, ಕತ್ತರಿಸಿದರೆ ಎಲ್ಲ ಬಿಡಿ ಬಿಡಿ ತುಂಡು. ಅದಕ್ಕೆ ನಾನು ಹೆಸರನ್ನು ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಸಿದ್ಧ ಮಾಡುತ್ತೇನೆ. ಅದು ಉಚಿತ, ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ. ಬಲೂ ತಮ್ಮ ಫಾಂಟ್ ನನಗೆ ಅಚ್ಚುಮೆಚ್ಚು. ದಪ್ಪ, ದುಂಡಗೆ ಇರೋದರಿಂದ ಕಾಗದ ಹರಿಯುವುದಿಲ್ಲ. ಟೈಪ್ ಮಾಡಿ, ‘ಆಬ್ಜೆಕ್ಟ್ ಟು ಪಾತ್’ ಒತ್ತಿ ಅಕ್ಷರವನ್ನು ಆಕಾರವಾಗಿಸಿ, ಗುಂಪು ಬಿಡಿಸಿ, ಒತ್ತನ್ನು ಅಕ್ಷರಕ್ಕೆ ತಾಗುವಷ್ಟು ಮೇಲೆ ಎಳೆಯುತ್ತೇನೆ. ಅಕ್ಷರಗಳನ್ನೂ ಒಂದಕ್ಕೊಂದು ಅಂಟಿಸಿ ಕೊನೆಗೆ ‘ಯೂನಿಯನ್’. ಆಗ ಇಡೀ ಹೆಸರು ಒಂದೇ ತುಂಡು. ಎಸ್‌ವಿಜಿ ಫೈಲಾಗಿ ಉಳಿಸಿ ಡಿಸೈನ್ ಸ್ಪೇಸ್‌ಗೆ ಹಾಕಿದರೆ ಆಯ್ತು. ಸೊನ್ನೆಯನ್ನು ಜಾಸ್ತಿ ಎಳೆದರೆ ಓದೋಕೆ ತೊಂದರೆ. ಅಂಥ ಹೆಸರಿಗೆ ಹಿಂದೆ ಬೇರೆ ಬಣ್ಣದ ಹಾಳೆ ಕೊಟ್ಟು ಅದರ ಮೇಲೆ ಅಂಟಿಸುವುದೇ ವಾಸಿ.

ರಂಗೋಲಿ ಅಚ್ಚಿನಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಅಕ್ಷರವೇ ತೂತು. ‘ರ’ದ ಒಳಗಿನ ದುಂಡು ಬಿದ್ದುಹೋಗದಂತೆ ಸಣ್ಣ ಸೇತುವೆ ಬಿಡಬೇಕು.

ವಿನೈಲ್ ಸ್ಟಿಕ್ಕರ್ ಸುಲಭ. ಮೇಲಿನ ಪದರ ಮಾತ್ರ ಕತ್ತರಿಸುತ್ತದೆ, ಹಿಂದಿನ ಹಾಳೆ ಹಾಗೇ ಉಳಿಯುತ್ತದೆ. ಬೇಡದ್ದನ್ನು ಕಿತ್ತು, ಟ್ರಾನ್ಸ್‌ಫರ್ ಟೇಪಿನಿಂದ ಎತ್ತಿ ಡಬ್ಬಕ್ಕೆ ಅಂಟಿಸಿದರೆ ಆಯ್ತು. ಒತ್ತು ಬಿಡಿಯಾಗಿದ್ದರೂ ಟೇಪು ಅದನ್ನು ಅದರ ಜಾಗದಲ್ಲೇ ಹಿಡಿದಿರುತ್ತದೆ. ಟಿ-ಶರ್ಟಿಗೆ ಇಸ್ತ್ರಿಯಿಂದ ಅಂಟಿಸುವ ವಿನೈಲ್ ಆದರೆ ‘ಮಿರರ್’ ಒತ್ತಲೇಬೇಕು, ಇಲ್ಲದಿದ್ದರೆ ಅಕ್ಷರ ತಿರುವುಮುರುವು. ಹಿಂದೆ ಏನೂ ಅಂಟಿಸದೆ ಬಟ್ಟೆಯನ್ನೇ ಕತ್ತರಿಸುವ ಆಸೆ ಇದ್ದವರು ಕ್ರಿಕಟ್‌ನದೇ ಮೇಕರ್ ಮಾಡೆಲ್ ನೋಡಿ. ಬಟ್ಟೆಗೆ ಬೇಕಾದ, ಚಕ್ರದಂತೆ ಉರುಳುವ ರೋಟರಿ ಬ್ಲೇಡ್ ಎಕ್ಸ್‌ಪ್ಲೋರ್‌ಗೆ ಹೊಂದುವುದಿಲ್ಲ.