ಶಿವಮೊಗ್ಗದಲ್ಲೇ ಕಟ್ಟಿದ ಪ್ಲೇಟ್‌ಲೆಟ್ ಮೆಷಿನ್: ನನ್ನ ಅನುಭವ

ಹೆಸರು ಮುಚ್ಚಿದ ಹತ್ತು-ಹನ್ನೆರಡು ರಕ್ತದ ಟ್ಯೂಬ್ ಕೊಟ್ಟು, ಇದರಲ್ಲಿ ಆಸ್ಪಿರಿನ್ ತಗೊಂಡವರು ಯಾರು ಹೇಳಿ ನೋಡೋಣ ಅಂತ ನಮ್ಮೂರಿನ ವೈದ್ಯ ಮಿತ್ರರೊಬ್ಬರು ಸವಾಲು ಹಾಕಿದ್ದರು. ರಕ್ತದ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುವುದನ್ನು ಅಳೆಯೋಕೆ ನಾನೇ ಕಟ್ಟಿದ ಮೆಷಿನ್‌ನಲ್ಲಿ ನೋಡಿ ಹೇಳಿದೆ. ಒಂದು ಬಿಟ್ಟು ಎಲ್ಲವೂ ಸರಿಯಾಯಿತು. ಆ ಒಂದರ ಕತೆ ಆಮೇಲೆ ಹೇಳುತ್ತೇನೆ, ಅದೇ ಎಲ್ಲಕ್ಕಿಂತ ಸ್ವಾರಸ್ಯವಾಗಿದೆ. ನಾನು ಪಾಠ ಮಾಡುವುದು ಡಿಗ್ರಿ ಮಕ್ಕಳಿಗೆ. ಲ್ಯಾಬ್ ಅಂದರೆ ಒಂದು ಹಳೇ ಸೆಂಟ್ರಿಫ್ಯೂಜ್, ಒಂದು ಫ್ರಿಜ್, ನಾಲ್ಕು ಪಿಪೆಟ್. ಇಂಥ ಕಡೆ ಪ್ರೋಸ್ಟಗ್ಲಾಂಡಿನ್, ಥ್ರಾಂಬಾಕ್ಸೇನ್ ಥರದ, ಮೈಯೊಳಗೆ ಕೊಬ್ಬಿನಾಮ್ಲದಿಂದ ಹುಟ್ಟುವ ವಸ್ತುಗಳ ಕೆಲಸ ನಡೆಯೋದಿಲ್ಲ, ಸುಮ್ನೆ ದುಡ್ಡು ಕಳೆಯಬೇಡಿ ಅಂತ ಬುದ್ಧಿ ಹೇಳಿದವರೇ ಜಾಸ್ತಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೂಲ ವಿಷಯ ಇಷ್ಟೇ. ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಪುಟ್ಟ ಕಣ. ಪ್ಲೇಟ್‌ಲೆಟ್‌ಗೆ ಅರಾಕಿಡೋನಿಕ್ ಆಮ್ಲ ಸಿಕ್ಕಿದರೆ ಕಾಕ್ಸ್-1 ಅನ್ನುವ ಕಿಣ್ವ ಅದನ್ನು ಹಿಡಿಯುತ್ತದೆ, ಮುಂದೆ ಥ್ರಾಂಬಾಕ್ಸೇನ್ ಎ2 ಆಗುತ್ತದೆ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುತ್ತವೆ. ಆಸ್ಪಿರಿನ್ ನುಂಗಿದವರಲ್ಲಿ ಆ ದಾರಿ ಬಂದ್. ಥ್ರಾಂಬಾಕ್ಸೇನನ್ನೇ ಅಳೆಯೋಣ ಅಂದರೆ ಅದರ ಅರ್ಧಾಯುಷ್ಯ ಬರೀ ಅರ್ಧ ನಿಮಿಷ. ಅದು ಒಡೆದು ಬರುವ ಥ್ರಾಂಬಾಕ್ಸೇನ್ ಬಿ2 ಅಳೆಯೋಣ ಅಂದರೆ ಎಲೈಸಾ ಅನ್ನುವ ಪರೀಕ್ಷೆಯ ಕಿಟ್ಟಿಗೆ ಐವತ್ತು-ಅರವತ್ತು ಸಾವಿರ ಕೇಳಿದರು, ನಮ್ಮಲ್ಲಿ ಅದನ್ನು ಓದುವ ಮೆಷಿನ್ನೂ ಇಲ್ಲ. ಹಾಗಾಗಿ ವಿಜ್ಞಾನಿ ಗುಸ್ತಾವ್ ಬಾರ್ನ್ 1962ರಲ್ಲಿ ತೋರಿಸಿದ ಹಳೇ ದಾರಿಯನ್ನೇ ಹಿಡಿದೆ. ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ, ಅಂದರೆ ಪಿಆರ್‌ಪಿ, ಮಬ್ಬಾಗಿರುತ್ತದೆ. ಅಂಟಿಕೊಂಡಂತೆ ತಿಳಿಯಾಗುತ್ತದೆ, ಬೆಳಕು ಜಾಸ್ತಿ ದಾಟುತ್ತದೆ. ಆ ಬೆಳಕನ್ನು ಅಳೆದು ಗೆರೆಯಾಗಿ ಬರೆದರೆ ಆಯಿತು, ಅಂಟಿದಷ್ಟೂ ಗೆರೆ ಮೇಲೇರುತ್ತದೆ.

ಹೊರದೇಶದ ಮೆಷಿನ್‌ಗೆ ಕೊಟೇಶನ್ ತರಿಸಿದ್ದೆ. ಎಂಟು ಲಕ್ಷದ ಹತ್ತಿರ ಇತ್ತು. ನಮ್ಮದಕ್ಕೆ ಆಗಿದ್ದು ಹತ್ತು ಸಾವಿರದ ಒಳಗೆ. ಎಲ್‌ಇಡಿ, ಫೋಟೋಡಯೋಡ್, ಸಿಗ್ನಲ್ಲನ್ನು ಅಂಕಿಗೆ ಬದಲಿಸುವ 16 ಬಿಟ್ಟಿನ ಎಡಿಸಿ ಬೋರ್ಡ್, ಆರ್ಡುಯಿನೊ ಅನ್ನುವ ಪುಟ್ಟ ಕಂಟ್ರೋಲ್ ಬೋರ್ಡ್ ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಂತು. ಅಲ್ಯೂಮಿನಿಯಂ ಬ್ಲಾಕನ್ನು ಸಾಗರ ರಸ್ತೆ ಕಡೆಯ ಲೇತ್ ಅಂಗಡಿಯಲ್ಲಿ ಕೊರೆಸಿದೆ. "ಮೇಡಂ, ಇದು ಯಾವ ಗಾಡಿದು?" ಅಂತ ಕೇಳಿದರು ಅಲ್ಲಿಯ ಅಣ್ಣ. ರಕ್ತ ನೋಡೋ ಮೆಷಿನ್‌ದು ಅಂದೆ. ಆಮೇಲೆ ಅವರೇ ಆಸಕ್ತಿಯಿಂದ ತೂತಿನ ಒಳಗನ್ನು ಎಷ್ಟು ನುಣುಪು ಮಾಡಿಕೊಟ್ಟರೆಂದರೆ, ಕ್ಯುವೆಟ್, ಅಂದರೆ ಸ್ಯಾಂಪಲ್ ಹಾಕುವ ಪಾರದರ್ಶಕ ಪುಟ್ಟ ಕೊಳವೆ, ಅಲುಗಾಡದೆ ಕೂರುತ್ತದೆ. ಬ್ಲಾಕ್ 37 ಡಿಗ್ರಿಯಲ್ಲಿ ನಿಲ್ಲುತ್ತದೆ. ಕೆಳಗೆ ಕಂಪ್ಯೂಟರ್ ಫ್ಯಾನಿಗೆ ಎರಡು ಮ್ಯಾಗ್ನೆಟ್ ಅಂಟಿಸಿ, ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸು ಓಡಿಸುತ್ತೇನೆ. ಕಲಕದಿದ್ದರೆ ಪ್ಲೇಟ್‌ಲೆಟ್ ಅಂಟುವುದೇ ಇಲ್ಲ, ಅದು ಗೊತ್ತಲ್ಲ. ಕ್ಯುವೆಟ್ ಒಳಗಿನ ಪುಟ್ಟ ಕಲಕುವ ಕಡ್ಡಿಯನ್ನು ನಾನೇ ಮಾಡಿದ್ದು. ಬರಿ ಉಕ್ಕು ತಗುಲಿದರೆ ಪ್ಲೇಟ್‌ಲೆಟ್ ಕೆರಳುತ್ತವೆ, ಅದಕ್ಕೊಂದು ಹೊದಿಕೆ ಬೇಕು. ಆ ಹೊದಿಕೆ ಏನು ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಮೊದಲು ಕೆಂಪು ಎಲ್‌ಇಡಿ ಹಾಕಿದ್ದೆ. ಆಮೇಲೆ ಇನ್‌ಫ್ರಾರೆಡ್‌ಗೆ ಬದಲಿಸಿದೆ. ಸ್ವಲ್ಪ ಕೆಂಪು ಕಣ ಉಳಿದ ಸ್ಯಾಂಪಲ್ಲಿನಲ್ಲೂ ಗೆರೆ ಸ್ಥಿರವಾಗಿ ಬರತೊಡಗಿತು.

ಮೆಷಿನ್ ಕಟ್ಟುವುದು ಸುಲಭದ ಭಾಗ. ದುಡ್ಡು, ತಾಳ್ಮೆ ಎರಡನ್ನೂ ತಿಂದದ್ದು ಅರಾಕಿಡೋನಿಕ್ ಆಮ್ಲ.

ಹತ್ತು ಮಿಲಿಗ್ರಾಂ ವಯಲ್‌ಗೆ ಹನ್ನೆರಡು ಸಾವಿರ ಕೊಟ್ಟ ನೆನಪು. ಬೆಂಗಳೂರಿನಿಂದ ಐಸ್ ಪೆಟ್ಟಿಗೆಯಲ್ಲಿ ರಾತ್ರಿ ಬಸ್ಸಿಗೆ ಹಾಕಿಸಿದ್ದರು. ಬೆಳಿಗ್ಗೆ ತೆರೆದರೆ ಐಸ್ ಪೂರ್ತಿ ನೀರು. ಇಪ್ಪತ್ತು ಕಾರ್ಬನ್, ನಾಲ್ಕು ಡಬಲ್ ಬಾಂಡ್ ಇರುವ ಕೊಬ್ಬಿನಾಮ್ಲ. ಗಾಳಿ, ಬಿಸಿ ಸಿಕ್ಕಿದರೆ ಸಾಕು, ಆಕ್ಸಿಡೈಸ್ ಆಗುತ್ತದೆ. ಆದರೂ ಹಾಕಿ ನೋಡಿದೆ. ಯಾರ ಪಿಆರ್‌ಪಿಗೆ ಹಾಕಿದರೂ ಗೆರೆ ಮೇಲೇಳಲಿಲ್ಲ. ಇಡೀ ಸ್ಟಾಫ್ ರೂಮೇ ಆಸ್ಪಿರಿನ್ ನುಂಗಿದೆಯೇನೋ ಅನ್ನುವ ಹಾಗೆ! ಹಿರಿಯರೊಬ್ಬರು "ಮೆಷಿನ್ ಸರಿ ಇಲ್ಲಮ್ಮಾ, ಲೇತಲ್ಲಿ ಕೊರೆಸಿದ್ದು ಅಷ್ಟೇ" ಅಂದರು. ಅದೇ ಪಿಆರ್‌ಪಿಗೆ ಐದು ಮೈಕ್ರೋಮೋಲಾರ್ ಎಡಿಪಿ, ಅಂದರೆ ಬೇರೆ ದಾರಿಯಿಂದ ಪ್ಲೇಟ್‌ಲೆಟ್ ಅಂಟಿಸುವ ವಸ್ತು, ಹಾಕಿ ತೋರಿಸಿದೆ. ಗೆರೆ ನೆಟ್ಟಗೆ ಮೇಲಕ್ಕೆ ಹೋಯಿತು. ಮೆಷಿನ್ ಸರಿ, ಆಮ್ಲ ಕೆಟ್ಟಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇವತ್ತಿಗೂ ಪ್ರತಿ ಸ್ಯಾಂಪಲ್ಲಿಗೆ ಎಡಿಪಿ ಗೆರೆ ಒಂದನ್ನು ಪಕ್ಕದಲ್ಲಿ ಇಟ್ಟುಕೊಂಡೇ ಮಾತಾಡುತ್ತೇನೆ.

ಎರಡನೇ ವಯಲ್ಲನ್ನು ಡ್ರೈ ಐಸ್‌ನಲ್ಲಿ ತರಿಸಿದೆ. ಸಾಗಣೆಗೇ ಮೂರು ಸಾವಿರದ ಮೇಲೆ ಹೋಯಿತು. ಈ ಸಲ ಬಂದ ದಿನವೇ ಮುನ್ನೂರ ಮೂವತ್ತು ಮೈಕ್ರೋಲೀಟರ್‌ನಷ್ಟು ಎಥನಾಲ್‌ನಲ್ಲಿ ಕರಗಿಸಿ, ಸುಮಾರು 100 ಮಿಲಿಮೋಲಾರ್ ಮಾಡಿ, ಸಣ್ಣ ಸಣ್ಣ ಗಾಜಿನ ವಯಲ್‌ಗಳಿಗೆ ಹಂಚಿ, ಮೇಲೆ ನೈಟ್ರೋಜನ್ ಊದಿ ಮುಚ್ಚಿದೆ. ಒಂದು ವಯಲ್ ಒಂದೇ ದಿನಕ್ಕೆ. ಉಳಿದರೆ ಚೆಲ್ಲಿ. ಹೊಟ್ಟೆ ಉರಿಯುತ್ತದೆ, ಆದರೂ ಚೆಲ್ಲಿ. ಹಳದಿ ಛಾಯೆ ಕಂಡರೆ ಯೋಚನೆಯೇ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆ ಹೇಳೋಕಾಗಲ್ಲ, ಮರ ಬಿದ್ದರೆ ಮುಗೀತು. ಫ್ರೀಜರ್‌ಗೆ ಬೇರೆಯೇ ಬ್ಯಾಟರಿ ಇಟ್ಟೆ. ಮೆಷಿನ್‌ಗಿಂತ ಬ್ಯಾಟರಿಗೇ ಜಾಸ್ತಿ ಖರ್ಚಾಯಿತು.

ಆಮ್ಲ ಸರಿಯಾದ ಮೇಲೆ ಉಲ್ಟಾ ತೊಂದರೆ ಶುರು. ಆಸ್ಪಿರಿನ್ ತಗೊಂಡವರಲ್ಲೂ ಗೆರೆ ಏರತೊಡಗಿತು! ಇಲ್ಲಿ ತುಂಬ ಜನ ಕೈಬಿಡುತ್ತಾರೆ. ಆಮ್ಲದ ಪ್ರಮಾಣ ಜಾಸ್ತಿಯಾದರೆ ಪ್ಲೇಟ್‌ಲೆಟ್ ಅಂಟಿಕೊಳ್ಳುವುದಿಲ್ಲ, ಒಡೆದುಹೋಗುತ್ತವೆ. ಎಷ್ಟೆಂದರೂ ಅದು ಕೊಬ್ಬಿನಾಮ್ಲ, ಪೊರೆಯನ್ನೇ ಹಾಳುಮಾಡುತ್ತದೆ. ಒಡೆದರೂ ಪ್ಲಾಸ್ಮಾ ತಿಳಿಯಾಗುತ್ತದೆ, ಬೆಳಕು ದಾಟುತ್ತದೆ. ಮೆಷಿನ್‌ಗೆ ಎರಡೂ ಒಂದೇ. ಕಣ್ಣಿಗೆ ಒಂದೇ ಅಲ್ಲ. ಕ್ಯುವೆಟ್ ಹೊರಗೆ ತೆಗೆದು ದೀಪಕ್ಕೆ ಹಿಡಿಯಿರಿ. ನಿಜವಾಗಿ ಅಂಟಿದ್ದರೆ ಹಾಲು ಒಡೆದ ಹಾಗೆ ಬಿಳಿ ಚೂರು ತೇಲುತ್ತಿರುತ್ತವೆ, ಸುತ್ತ ತಿಳಿ. ಒಡೆದುಹೋಗಿದ್ದರೆ ಬರೀ ತಿಳಿ, ಒಂದು ಚೂರೂ ಇಲ್ಲ. ಈಗ ಮಕ್ಕಳಿಗೆ ಮೊದಲು ಹೇಳಿಕೊಡುವುದೇ ಇದನ್ನು.

ನನಗೆ ಕೆಲಸ ಮಾಡಿದ್ದು 0.5 ಮಿಲಿಮೋಲಾರ್ ಆಸುಪಾಸು. ಪ್ಲಾಸ್ಮಾದ ಆಲ್ಬುಮಿನ್ ಈ ಆಮ್ಲವನ್ನು ಹಿಡಿದಿಟ್ಟುಕೊಳ್ಳುವುದರಿಂದ ಒಬ್ಬೊಬ್ಬರಿಗೆ ಸ್ವಲ್ಪ ಹೆಚ್ಚುಕಡಿಮೆ. 0.3ರಿಂದ ಹತ್ತಿಸುತ್ತಾ ಹೋಗಿ, 1 ದಾಟಬೇಡಿ. ಪಕ್ಕದಲ್ಲಿ ಬರೀ ಎಥನಾಲ್ ಹಾಕಿದ ಕ್ಯುವೆಟ್ ಇರಲೇಬೇಕು.

ಸ್ಯಾಂಪಲ್ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ರಕ್ತ ಹೆಪ್ಪುಗಟ್ಟದ ಹಾಗೆ 3.2 ಶೇಕಡಾ ಸಿಟ್ರೇಟ್, ದಪ್ಪ ಸೂಜಿ, ಮೊದಲ ಎರಡು-ಮೂರು ಎಂಎಲ್ ಬೇರೆ ಟ್ಯೂಬಿಗೆ. ಪಿಆರ್‌ಪಿ ಬೇರ್ಪಡಿಸಲು ಸೆಂಟ್ರಿಫ್ಯೂಜ್‌ನಲ್ಲಿ 200 ಜಿ (ಗುರುತ್ವದ ಇನ್ನೂರು ಪಟ್ಟು), ಹತ್ತು ನಿಮಿಷ, ಬ್ರೇಕ್ ಇಲ್ಲದೆ. ನಮ್ಮ ಸೆಂಟ್ರಿಫ್ಯೂಜ್‌ನ ತ್ರಿಜ್ಯ ಹತ್ತು ಸೆಂಟಿಮೀಟರ್, ಹಾಗಾಗಿ 1300-1350 ಆರ್‌ಪಿಎಂ ಸಾಕು. ನಿಮ್ಮದನ್ನು ಸ್ಕೇಲ್ ಹಿಡಿದು ಅಳೆದುಕೊಳ್ಳಿ. ಟ್ಯೂಬಿಗೆ ಮುಚ್ಚಳ ಹಾಕಿಡಿ, ಕಾರ್ಬನ್ ಡೈಆಕ್ಸೈಡ್ ಹಾರಿಹೋದರೆ ಪಿಎಚ್ ಏರುತ್ತದೆ. ಮೂರು ಗಂಟೆಯೊಳಗೆ ಮುಗಿಸಿ. ಪಿಆರ್‌ಪಿಯನ್ನು ಫ್ರಿಜ್ಜಿಗೆ ಮಾತ್ರ ಇಡಬೇಡಿ. ಪುಸ್ತಕದಲ್ಲಿ ರೂಮ್ ಟೆಂಪರೇಚರ್ ಅಂತ ಇರುತ್ತದೆ. ಜನವರಿಯ ಬೆಳಿಗ್ಗೆ ನಮ್ಮ ಲ್ಯಾಬಿನ ರೂಮ್ ಟೆಂಪರೇಚರ್ ಹದಿನಾರು-ಹದಿನೇಳು! ಚಳಿಗೆ ಪ್ಲೇಟ್‌ಲೆಟ್ ಚಪ್ಪಟೆ ಆಕಾರ ಬಿಟ್ಟು ದುಂಡಗಾಗುತ್ತವೆ. ಗೊತ್ತಾಗುವುದು ಹೇಗೆ? ಆರೋಗ್ಯವಾಗಿರುವ ಪಿಆರ್‌ಪಿಯನ್ನು ನಿಧಾನ ತಿರುಗಿಸಿ ಬೆಳಕಿಗೆ ಹಿಡಿದರೆ ಒಳಗೆ ಸುಳಿಸುಳಿಯಾಗಿ ಮಿನುಗುತ್ತದೆ. ಚಪ್ಪಟೆ ಬಿಲ್ಲೆಗಳು ಹರಿವಿನ ಜೊತೆ ಸಾಲಾಗಿ ತಿರುಗುವುದರಿಂದ ಬರುವ ಮಿನುಗು ಅದು. ದುಂಡಗಾದರೆ ಮಿನುಗು ಮಾಯ, ಬರೀ ಮಂಕು. ಮಿನುಗಿಲ್ಲದ ಟ್ಯೂಬನ್ನು ನಾನು ಮೆಷಿನ್‌ಗೆ ಹಾಕುವುದೇ ಇಲ್ಲ.

ಎಲ್ಲ ಸರಿಹೋದ ಮೇಲೆ ಕೈ ಸುಮ್ನಿರಬೇಕಲ್ಲ. ಸೊರಬದ ಕಡೆಯಿಂದ ಮಕ್ಕಳು ತಂದ ಹಸಿಶುಂಠಿ ಜಜ್ಜಿ, ಎಥನಾಲ್‌ನಲ್ಲಿ ಸಾರ ತೆಗೆದು, ಪಿಆರ್‌ಪಿಗೆ ಹಾಕಿ ಕೆಲವು ನಿಮಿಷ ಬಿಟ್ಟು ಆಮ್ಲ ಕೊಟ್ಟೆವು. ಗೆರೆ ಅರ್ಧಕ್ಕೇ ನಿಂತಿತು. ಸಾರ ಹೆಚ್ಚಿಸಿದರೆ ಪೂರ್ತಿ ಚಪ್ಪಟೆ. ಎಡಿಪಿಗೆ ಮಾತ್ರ ಮೊದಲ ಏರು ಹಾಗೇ ಇತ್ತು. ಶುಂಠಿಯ ಜಿಂಜರಾಲ್‌ಗಳು ಕಾಕ್ಸನ್ನು ತಡೆಯುತ್ತವೆ ಅನ್ನುವುದು ಹಳೇ ಮಾತೇ, ಆದರೆ ನಮ್ಮ ಗದ್ದೆಯ ಶುಂಠಿಯಲ್ಲಿ ನಮ್ಮ ಮೆಷಿನ್ ಅದನ್ನು ಬರೆದು ತೋರಿಸಿದಾಗ ಮಕ್ಕಳಿಗಾದ ಖುಷಿ ನೋಡಬೇಕಿತ್ತು. ಇದು ಕ್ಯುವೆಟ್ಟಿನ ಮಾತು. ಶುಂಠಿ ಕಷಾಯ ಕುಡಿದವರ ರಕ್ತದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಯಾರೂ ಗುಳಿಗೆ ಬಿಟ್ಟು ಕಷಾಯ ಹಿಡಿಯಬೇಡಿ.

ಬಂಗಡೆ ಮೀನು ತಿಂದರೆ ಗೆರೆ ತಗ್ಗುತ್ತದಾ ಅಂತಲೂ ನೋಡಿದೆವು. ಸಮುದ್ರದ ಆಹಾರವೇ ಹೆಚ್ಚು ತಿನ್ನುವ ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರ ಮೇಲೆ ಸಂಶೋಧಕರಾದ ಬ್ಯಾಂಗ್, ಡೈಯರ್‌ಬರ್ಗ್ ಇಬ್ಬರೂ 1970ರ ದಶಕದಲ್ಲಿ ಮಾಡಿದ ಕೆಲಸ ಓದಿದವರಿಗೆ ಈ ಆಸೆ ಹುಟ್ಟಿಯೇ ಹುಟ್ಟುತ್ತದೆ. ಮೀನೆಣ್ಣೆಯ ಇಪಿಎ ಅನ್ನುವ ಕೊಬ್ಬಿನಾಮ್ಲದಲ್ಲಿ ಡಬಲ್ ಬಾಂಡ್ ಐದು. ಅದರಿಂದ ಬರುವ ಥ್ರಾಂಬಾಕ್ಸೇನ್ ಎ3ಗೆ ಅಷ್ಟು ಕಸುವಿಲ್ಲ. ಘಟ್ಟ ಹತ್ತಿ ಬರುವ ಬಂಗಡೆಯನ್ನು ನಾಲ್ಕೈದು ಜನ ಎರಡು-ಮೂರು ವಾರ ದಿನಾ ತಿಂದರು. ಗೆರೆಯಲ್ಲಿ ಏನೂ ಹೇಳಿಕೊಳ್ಳುವಂಥದ್ದು ಬರಲಿಲ್ಲ. ಹೊರಗಿನಿಂದ ಅಷ್ಟು ಅರಾಕಿಡೋನಿಕ್ ಆಮ್ಲ ಸುರಿದ ಮೇಲೆ ಒಳಗಿನ ಇಪಿಎ ಮಾತು ಎಲ್ಲಿ ಕೇಳಬೇಕು? ಅದಕ್ಕೆ ಕೊಲಾಜೆನ್ ಬೇಕು, ಪ್ಲೇಟ್‌ಲೆಟ್ ತನ್ನದೇ ಪೊರೆಯಿಂದ ಆಮ್ಲ ಬಿಡಿಸಿಕೊಳ್ಳುವ ಹಾಗೆ. ಕೊಲಾಜೆನ್‌ಗೆ ಇನ್ನೂ ದುಡ್ಡು ಹೊಂದಿಸಬೇಕು.

ಈಗ ಆ ತಪ್ಪಿದ ಟ್ಯೂಬ್. ನಮ್ಮ ಮೆಷಿನ್ ಅದನ್ನು ಆಸ್ಪಿರಿನ್ ಅಂದಿತು. ಗೆರೆ ನೆಲಕ್ಕಂಟಿತ್ತು, ಎಡಿಪಿಗೆ ಮಾತ್ರ ಏಳುತ್ತಿತ್ತು. ವೈದ್ಯರ ಪಟ್ಟಿಯಲ್ಲಿ ಆ ಮನುಷ್ಯ ಯಾವ ಗುಳಿಗೆಯನ್ನೂ ತಗೊಂಡಿಲ್ಲ. "ನೋಡಿ, ನಾನು ಹೇಳಲಿಲ್ವಾ" ಅಂದರು ವೈದ್ಯರು. ನಾನು ಒಪ್ಪಲಿಲ್ಲ. ಅವರನ್ನೇ ಕೇಳಿ ಅಂದೆ. ಫೋನ್ ಮಾಡಿದರು. ಹಿಂದಿನ ರಾತ್ರಿಯೂ ಅವತ್ತು ಬೆಳಿಗ್ಗೆಯೂ ಹಲ್ಲುನೋವಿಗೆ ಮೆಡಿಕಲ್ ಶಾಪಿನಿಂದ ಗುಳಿಗೆ ತಂದು ನುಂಗಿದ್ದರಂತೆ. ಅದನ್ನು ಅವರು ಔಷಧಿ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ಗುಳಿಗೆಯ ಸ್ಟ್ರಿಪ್ ತರಿಸಿ ನೋಡಿದರೆ ಐಬುಪ್ರೊಫೆನ್!

ಎರಡು ದಿನ ಬಿಟ್ಟು ಅದೇ ಮನುಷ್ಯರ ರಕ್ತ ಮತ್ತೆ ತರಿಸಿದೆವು. ಗೆರೆ ಪೂರ್ತಿ ಮೇಲೆ ಬಂತು. ಆಸ್ಪಿರಿನ್ ಆಗಿದ್ದರೆ ಹೀಗಾಗುತ್ತಿರಲಿಲ್ಲ. ಆಸ್ಪಿರಿನ್ ಕಾಕ್ಸ್-1ರ 529ನೇ ಸೆರಿನ್‌ಗೆ ಅಸಿಟೈಲ್ ಅಂಟಿಸಿ ಹೋಗುತ್ತದೆ. ನ್ಯೂಕ್ಲಿಯಸ್ ಇಲ್ಲದ ಪ್ಲೇಟ್‌ಲೆಟ್ ಹೊಸ ಕಿಣ್ವ ಮಾಡಿಕೊಳ್ಳಲಾರದು, ಸಾಯುವ ತನಕ ಹಾಗೇ. ಒಂದು ಸಲ ಆಸ್ಪಿರಿನ್ ತಗೊಂಡ ಮೇಲೆ ನಮ್ಮಲ್ಲಿ ಗೆರೆ ಮತ್ತೆ ಏಳೋಕೆ ನಾಲ್ಕೈದು ದಿನವಾದರೂ ಬೇಕಾಗುತ್ತಿತ್ತು. ಐಬುಪ್ರೊಫೆನ್ ಬಂದು ಕೂತು, ಎದ್ದು ಹೋಗುತ್ತದೆ. ಅದು ಕೂತಿರುವಾಗ ಆಸ್ಪಿರಿನ್ ಬಂದರೆ ಜಾಗ ಸಿಗದೆ ಹಾಗೇ ಹೋಗಿಬಿಡುತ್ತದೆ ಅನ್ನುವುದು 2001ರಲ್ಲೇ ಪ್ರಕಟವಾದ ವಿಷಯ. ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ತಗೊಳ್ಳುವವರು ಮಂಡಿನೋವಿಗೆ ಕೇಳದೆ ಕೇಳದೆ ಐಬುಪ್ರೊಫೆನ್ ನುಂಗುತ್ತಾರಲ್ಲ, ಅದು ನನಗೆ ಆವತ್ತಿನಿಂದ ನಿಜಕ್ಕೂ ಚಿಂತೆಗಿಟ್ಟುಕೊಂಡಿದೆ. ಆ ವೈದ್ಯರು ಈಗ ರೋಗಿಗಳನ್ನು "ಔಷಧಿ ಏನು ತಗೊಳ್ತೀರಿ" ಅಂತ ಕೇಳಿ ಬಿಡುವುದಿಲ್ಲ, "ನೋವಿಗೆ ಏನು ನುಂಗ್ತೀರಿ" ಅಂತಲೂ ಕೇಳುತ್ತಾರೆ. ನಮ್ಮ ಮೆಷಿನ್ ಮೇಲೆ ಇದ್ದ ಅನುಮಾನವೂ ಅವರಿಗೆ ಹೋಯಿತು.

ಇದನ್ನು ರೋಗ ಪತ್ತೆಗೆ ಬಳಸುತ್ತಿಲ್ಲ, ಬಳಸಲೂಬಾರದು. ಪಾಠಕ್ಕೆ, ಪ್ರಾಜೆಕ್ಟಿಗೆ ಮಾತ್ರ. ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲೇ ತಗೊಳ್ಳಿ, ರಕ್ತ ತೆಗೆಯಲು ತರಬೇತಿ ಇದ್ದವರೇ ಬೇಕು. ಬ್ಯಾಟರಿ, ಹಾಳಾದ ಆಮ್ಲ, ಸಾಗಣೆ ಎಲ್ಲ ಸೇರಿ ನನಗೆ ಎಪ್ಪತ್ತು ಸಾವಿರ ದಾಟಿದೆ, ಅರ್ಧಕ್ಕಿಂತ ಜಾಸ್ತಿ ಕೈಯಿಂದಲೇ. ನೀವು ಮಾಡಿದರೆ ಅಷ್ಟಾಗಬಾರದು. ಸಾಗರ, ತೀರ್ಥಹಳ್ಳಿ, ಭದ್ರಾವತಿ ಕಡೆಯ ಮೇಷ್ಟ್ರುಗಳು ಯಾರಾದರೂ ಶುರು ಮಾಡುವುದಿದ್ದರೆ ಆಮ್ಲವನ್ನು ಒಬ್ಬೊಬ್ಬರೇ ತರಿಸಬೇಡಿ. ಒಂದು ವಯಲ್ ತೆರೆದ ದಿನವೇ ಹಂಚಿಕೊಂಡರೆ ಮೂರು ಲ್ಯಾಬಿಗೆ ಒಂದು ಟರ್ಮ್‌ಗೆ ಸಾಕಾಗುತ್ತದೆ. ನಾನು ಮುಂದಿನ ವಯಲ್ ತರಿಸುವುದು ಮಳೆ ಕಡಿಮೆಯಾದ ಮೇಲೆ, ದಸರಾ ರಜೆ ಮುಗಿದ ವಾರ. ಬೇಕಾದವರು ಗಾಜಿನ ವಯಲ್, ಐಸ್ ಪೆಟ್ಟಿಗೆ ತಗೊಂಡು ಬನ್ನಿ, ನೈಟ್ರೋಜನ್ ಇಲ್ಲಿದೆ.